ಮದ್ದು ಬಿಡಲು ಸಿಗುವ ದಿನ ನೂರಕ್ಕೆ ಎಷ್ಟು? ಎಕ್ಸೆಲ್‌ನಲ್ಲಿ 100% ಸ್ಟ್ಯಾಕ್ಡ್ ಚಾರ್ಟ್

[ದೃಶ್ಯ: ತೋಟದ ಬದಿಯಲ್ಲಿ ಮಳೆ ಮಾಪಕ. ನಂತರ ಎಕ್ಸೆಲ್ ಹಾಳೆ.]

ನಮಸ್ಕಾರ. ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ಕೃಷಿಕರಲ್ಲಿ ದಿನಾ ಬೆಳಗ್ಗೆ ಮಳೆ ಅಳೆದು ಬರೆದಿಡುವವರು ಇದ್ದಾರೆ. ಜೂನ್‌ನಿಂದ ಸೆಪ್ಟೆಂಬರ್ ಅಂದರೆ 122 ಸಾಲು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಬಿಡಲು ಮಳೆ ಬಿಟ್ಟ ದಿನ ಬೇಕು, ಹಾಗಾಗಿ ಅವರಿಗೆ ಇದರಿಂದ ಬೇಕಾದದ್ದು ಒಂದೇ: ಯಾವ ತಿಂಗಳಲ್ಲಿ ಮಳೆ ಬಿಟ್ಟ ದಿನಗಳ ಪಾಲು ಎಷ್ಟು? ಅದನ್ನು ತೋರಿಸುವುದು 100% ಸ್ಟ್ಯಾಕ್ಡ್ ಚಾರ್ಟ್: ತಿಂಗಳಿಗೊಂದು ಸಮ ಎತ್ತರದ ಕಂಬ, ಅದರಲ್ಲಿ ಪಾಲುಗಳು ಒಂದರ ಮೇಲೊಂದು.

ನೇರ ಇನ್ಸರ್ಟ್ ಚಾರ್ಟ್ ಒತ್ತಿದರೆ 122 ಕಡ್ಡಿ ನಿಲ್ಲುತ್ತವೆ, ಏನೂ ತಿಳಿಯುವುದಿಲ್ಲ. ಗುಂಪು ಮಾಡುವ ಕೆಲಸ ಚಾರ್ಟಿನದ್ದಲ್ಲ. ಅದನ್ನು ಹಾಳೆಯಲ್ಲೇ ಮುಗಿಸಿಕೊಳ್ಳಬೇಕು.

[ಸ್ಕ್ರೀನ್: ಎ – ದಿನಾಂಕ, ಬಿ – ಮಳೆ, ಸಿ – ತಿಂಗಳು, ಡಿ – ಗುಂಪು]

ಸಿ ಕಾಲಂನಲ್ಲಿ ದಿನಾಂಕದಿಂದ ತಿಂಗಳ ಅಂಕಿ ತೆಗೆಯುವ ಮಂತ್ ಫಂಕ್ಷನ್. 6, 7, 8, 9 ಬರುತ್ತದೆ. ಆ ದಿನದ ಮಳೆ ಯಾವ ಗುಂಪು ಎಂದು ಬರೆಯುವ ಡಿ ಕಾಲಂಗೆ ಮಿತಿ ಬೇಕು, ಅದನ್ನು ನಾವೇ ಕಲ್ಪಿಸುವುದು ಬೇಡ. ಭಾರತೀಯ ಹವಾಮಾನ ಇಲಾಖೆಯ ಲೆಕ್ಕ ಉಂಟಲ್ಲ: 24 ಗಂಟೆಯಲ್ಲಿ 2.5 ಮಿಲಿಮೀಟರ್ ಬಂದರೆ ಮಾತ್ರ ಅದು ಮಳೆ ದಿನ. 15.6ರಿಂದ ಸಾಧಾರಣ, 64.5ರಿಂದ ಭಾರಿ, 115.6ರಿಂದ ಅತಿ ಭಾರಿ. 2.5ಕ್ಕಿಂತ ಕಡಿಮೆ ಇದ್ದರೆ ನಾವು 'ಒಣ' ಅನ್ನೋಣ, 2.5ಕ್ಕೂ 15.6ಕ್ಕೂ ನಡುವಿನದ್ದು 'ಹಗುರ'. 204.5ರಿಂದ ಮೇಲಿನದ್ದಕ್ಕೆ ಇಲಾಖೆಯಲ್ಲಿ ಬೇರೆ ಹೆಸರು ಉಂಟು. ಆದರೆ ಚಾರ್ಟಿನಲ್ಲಿ ಐದು ಬಣ್ಣ ದಾಟಿದರೆ ಓದುವುದು ಕಷ್ಟ, ಹಾಗಾಗಿ ಅದನ್ನೂ ಅತಿ ಭಾರಿಗೇ ಸೇರಿಸಿದ್ದೇವೆ.

ಈಗ ಡಿ ಕಾಲಂನಲ್ಲಿ ಇಫ್ ಒಳಗೆ ಇಫ್, ಅಂದರೆ ಶರತ್ತಿನೊಳಗೆ ಶರತ್ತು. ದೊಡ್ಡ ಮಿತಿಯಿಂದ ಇಳಿಯುತ್ತಾ ಬನ್ನಿ: ಮೊದಲು 115.6, ಆಮೇಲೆ 64.5, ಹೀಗೆ. ಎಕ್ಸೆಲ್ ಮೊದಲು ನಿಜವಾದ ಶರತ್ತಿನಲ್ಲೇ ನಿಂತುಬಿಡುತ್ತದೆ. 2.5 ಮೊದಲು ಬಂದರೆ 180 ಮಿಲಿಮೀಟರ್ ಸುರಿದ ದಿನವೂ 'ಹಗುರ'! ಕೆಳಗಿನ ಮಿತಿ ಒಂದನ್ನೇ ಕೊಡಿ. '15.5ರವರೆಗೆ', '15.6ರಿಂದ' ಅಂತ ಎರಡೂ ಬರೆದರೆ 15.55 ಯಾವ ಗುಂಪಿಗೂ ಸೇರದೆ ಉಳಿಯುತ್ತದೆ.

[ಸ್ಕ್ರೀನ್: ಖಾಲಿ ಸೆಲ್ ಒಂದು, '12 ಮಿ.ಮೀ.' ಎಂದಿರುವ ಸೆಲ್ ಒಂದು. ಎರಡಕ್ಕೂ ಕೆಂಪು ಗೆರೆ.]

ಇಲ್ಲಿ ಸ್ವಲ್ಪ ನಿಧಾನ. ಮನೆಯಲ್ಲಿ ಯಾರೂ ಇಲ್ಲದ ದಿನ ಅಳತೆ ಇರುವುದಿಲ್ಲ, ಸೆಲ್ ಖಾಲಿ. ಇಫ್ ಅದನ್ನು ಸೊನ್ನೆ ಎಂದೇ ಓದಿ 'ಒಣ' ಬರೆಯುತ್ತದೆ. ಇನ್ನೊಂದು ಕಡೆ '12 ಮಿ.ಮೀ.' ಎಂದು ಒಟ್ಟಿಗೆ ಟೈಪ್ ಮಾಡಿದ್ದು ಅಂಕಿಯಲ್ಲ, ಅಕ್ಷರ. ಹೋಲಿಸುವಾಗ ಎಕ್ಸೆಲ್‌ಗೆ ಅಕ್ಷರ ಯಾವ ಅಂಕಿಗಿಂತಲೂ ದೊಡ್ಡದು, ಹಾಗಾಗಿ ಆ ಹನ್ನೆರಡು ಸೀದಾ 'ಅತಿ ಭಾರಿ'! ಎರಡಕ್ಕೂ ಮದ್ದು ಒಂದೇ: ಎಲ್ಲದಕ್ಕಿಂತ ಹೊರಗೆ ಈಸ್‌ನಂಬರ್ ಪರೀಕ್ಷೆ. ಅಂಕಿ ಅಲ್ಲದಿದ್ದರೆ ಗುಂಪಿನ ಜಾಗ ಖಾಲಿ.

ಊಹೆಯ ಅಂಕಿಯಲ್ಲಿ ನೋಡಿ. ಜುಲೈಯಲ್ಲಿ 27 ದಿನ ಅಳತೆ ಉಂಟು, ಅದರಲ್ಲಿ 3 ಒಣ: ಶೇಕಡ 11.1. ಅಳೆಯದ 4 ದಿನವನ್ನೂ ಒಣ ಎಂದು ಸೇರಿಸಿದರೆ 31ರಲ್ಲಿ 7, ಅಂದರೆ ಶೇಕಡ 22.6. ಒಣ ದಿನದ ಪಾಲು ಸುಮ್ಮನೆ ಎರಡು ಪಟ್ಟಾಯಿತು.

ಎಣಿಕೆಗೆ ತಿಂಗಳು, ಗುಂಪು ಎರಡೂ ಶರತ್ತು ಒಟ್ಟಿಗೆ ನೋಡಿ ಎಣಿಸುವ ಕೌಂಟ್‌ಇಫ್ಸ್. ಸಾಲಿನಲ್ಲಿ ತಿಂಗಳು, ಮೇಲೆ ಐದು ಗುಂಪು. ಕಾಲಂ, ಸಾಲುಗಳಿಗೆ ಡಾಲರ್ ಚಿಹ್ನೆ ಹಾಕಿ ಕಟ್ಟದಿದ್ದರೆ ಸೂತ್ರ ಎಳೆಯುವಾಗ ವಿಳಾಸ ಜಾರುತ್ತದೆ. ಎಕ್ಸೆಲ್ ತಾನೇ ಎಣಿಸಿಕೊಡುವ ಪಿವೋಟ್ ಟೇಬಲ್‌ನಲ್ಲೂ ಆಗುತ್ತದೆ, ಆದರೆ ಅದು ಗುಂಪುಗಳನ್ನು ಅಕಾರಾದಿಯಲ್ಲಿ ಇಡುತ್ತದೆ: ಅತಿ ಭಾರಿ, ಒಣ, ಭಾರಿ, ಸಾಧಾರಣ, ಹಗುರ. ಪಿವೋಟೇ ಬೇಕಾದರೆ '1 ಒಣ', '2 ಹಗುರ' ಎಂದು ಹೆಸರಿಡಿ.

ಕೆಳಗೆ ಇನ್ನೊಂದು ಟೇಬಲ್: ಪ್ರತಿ ಎಣಿಕೆಯನ್ನು ಆ ಸಾಲಿನ ಮೊತ್ತದಿಂದ ಭಾಗಿಸಿ, ಶೇಕಡಕ್ಕೆ ಬದಲಿಸಿ. ಮೊದಲ ಕಾಲಂನಲ್ಲಿ ಬರೀ 7 ಬೇಡ, 'ಜುಲೈ (27)' ಎಂದಿರಲಿ. ಬರೀ ಅಂಕಿ ಇದ್ದರೆ ಎಕ್ಸೆಲ್ ಅದನ್ನೂ ಒಂದು ಬಣ್ಣವಾಗಿ ಪೇರಿಸಿಬಿಡಬಹುದು. ಎಷ್ಟು ದಿನದ ಲೆಕ್ಕ ಎಂಬುದು ಕೂಡ ಶೇಕಡದಲ್ಲಿ ಮುಚ್ಚಿಹೋಗುತ್ತದೆ, ಕಂಸದ 27 ಅದನ್ನು ಹೇಳುತ್ತದೆ.

[ಸ್ಕ್ರೀನ್: ಇನ್ಸರ್ಟ್, ಕಾಲಮ್, 100% ಸ್ಟ್ಯಾಕ್ಡ್ ಕಾಲಮ್]

ಈ ಎರಡನೇ ಟೇಬಲ್‌ನಿಂದಲೇ ಚಾರ್ಟ್ ಹಾಕಿ. ಎಣಿಕೆಯ ಟೇಬಲ್‌ನಿಂದಲೂ ಕಂಬದ ಆಕಾರ ಇದೇ ಬರುತ್ತದೆ, ಆದರೆ ಡೇಟಾ ಲೇಬಲ್ ಒತ್ತಿದರೆ 11.1% ಬದಲು 3 ಕಾಣುತ್ತದೆ.

ಚಾರ್ಟ್ ಬಂದಾಗ ತಿಂಗಳುಗಳು ಬಣ್ಣವಾಗಿ, ಗುಂಪುಗಳು ಕೆಳಗೆ ನಿಂತಿದ್ದರೆ ಗಾಬರಿ ಬೇಡ. ನಮ್ಮದು 4 ಸಾಲು, 5 ಕಾಲಂ. ಯಾವುದು ಹೆಚ್ಚೋ ಅದನ್ನು ಎಕ್ಸೆಲ್ ಅಡಿಯ ಅಕ್ಷಕ್ಕೆ ಹಾಕುತ್ತದೆ. ಸ್ವಿಚ್ ರೋ/ಕಾಲಮ್ ಒಮ್ಮೆ ಒತ್ತಿ.

ಟೇಬಲ್‌ನ ಮೊದಲ ಗುಂಪು ಕಂಬದ ಬುಡಕ್ಕೆ ಹೋಗುತ್ತದೆ. ಒಣ ದಿನವನ್ನೇ ಮೊದಲು ಇಟ್ಟದ್ದು ಅದಕ್ಕೇ. ಬುಡದ ತುಂಡು ಎಲ್ಲ ಕಂಬದಲ್ಲೂ ಸೊನ್ನೆಯಿಂದ ಶುರು, ಕಣ್ಣಿಗೆ ನೇರ ಹೋಲಿಕೆ ಸಿಗುತ್ತದೆ. ನಡುವಿನ ತುಂಡುಗಳಿಗೆ ಆ ಅನುಕೂಲ ಇಲ್ಲ. ಒಣಕ್ಕೆ ಹುಲ್ಲಿನ ಬಣ್ಣ, ಉಳಿದದ್ದಕ್ಕೆ ತಿಳಿ ನೀಲಿಯಿಂದ ಕಡು ನೀಲಿ. ಲೇಬಲ್‌ಗಳ ಮೊತ್ತ 99.9 ಅಥವಾ 100.1 ಬಂದರೆ ಅದು ದುಂಡಾಗಿಸಿದ್ದರ ಫಲ, ತಿದ್ದಲು ಹೋಗಬೇಡಿ.

ಒಂದು ವಿಷಯ ಮಾತ್ರ ಈ ಚಾರ್ಟ್ ಹೇಳುವುದಿಲ್ಲ: ಆ ಮೂರು ಒಣ ದಿನ ಒಟ್ಟಿಗೆ ಬಂದವೋ, ಚದುರಿ ಬಂದವೋ. ಅದಕ್ಕೆ ಡಿ ಕಾಲಂನ 'ಒಣ'ಕ್ಕೆ ಕಂಡೀಶನಲ್ ಫಾರ್ಮ್ಯಾಟಿಂಗ್‌ನಲ್ಲಿ ಬಣ್ಣ ಕೊಟ್ಟು, ದಿನಾಂಕದ ಸಾಲಿನಲ್ಲೇ ಕೆಳಗಿಳಿದು ನೋಡಿ.