ಎಂಜಲಿನ ಲೆಕ್ಕ

ವಿಜಯಪುರ ಆಕಾಶವಾಣಿ ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರ ನೀರಿನ ಬಾಟಲಿ ಕೇಳಿ ಇಸ್ಕೊಳ್ಳುವುದು ದೊಡ್ಡ ಮಾತೇನಲ್ಲ. ಅವರು ಯಾವ ಊರವರೋ, ಯಾರ ಪೈಕಿಯೋ ಗೊತ್ತಿರುವುದಿಲ್ಲ. 'ಒಂದು ಗುಟುಕು ನೀರು ಕೊಡ್ರಿ' ಅಂದರೆ ಸಾಕು, ಕೊಡುತ್ತಾರೆ. ನಾವು ಬಾಟಲಿಗೆ ತುಟಿ ಹಚ್ಚುವುದಿಲ್ಲ ಅನ್ನುವುದು ಅವರಿಗೆ ಗ್ಯಾರಂಟಿ. ತಲೆ ಹಿಂದಕ್ಕೆ ಎತ್ತಿ, ಬಾಯಿ ತೆರೆದು, ಮೇಲಿಂದ ಧಾರೆ ಬಿಡುತ್ತೇವೆ. ಬಾಯಿ ಮುಚ್ಚದೆ ಗಟಗಟ ನುಂಗುತ್ತೇವೆ. ಬಸ್ಸು ಹಂಪ್ ಹಾರಿತೋ, ಅರ್ಧ ನೀರು ಅಂಗಿಯ ಮೇಲೆ. ಆದರೂ ತುಟಿ ಮಾತ್ರ ತಾಗಿಸುವುದಿಲ್ಲ. ಸಣ್ಣವರಿದ್ದಾಗಲೇ ಕಲಿಯದಿದ್ದರೆ ಬರುವಂಥ ವಿದ್ಯೆಯಲ್ಲ ಇದು.

ಈಗ ಅರ್ಜೆಂಟೀನಾಕ್ಕೆ ಹೋಗೋಣ. ಅಲ್ಲಿ ಮಾತೆ ಅಂತ ಒಂದು ಪಾನೀಯವಿದೆ. ನಮಗೆ ಚಹಾ ಹೇಗೋ ಅವರಿಗೆ ಅದು ಹಾಗೆ. ಯೆರ್ಬಾ ಮಾತೆ ಎಂಬ ಗಿಡದ ಒಣಗಿದ ಎಲೆಯ ಪುಡಿಯನ್ನು ಸಣ್ಣ ಸೋರೆಬುರುಡೆಗೆ ತುಂಬಿ ಬಿಸಿನೀರು ಹಾಕುತ್ತಾರೆ. ಅದರೊಳಗೆ ಒಂದು ಲೋಹದ ಕೊಳವೆ ಇಡುತ್ತಾರೆ. ಎಲೆ ಬಾಯಿಗೆ ಬರದಂತೆ ಕೊಳವೆಯ ತುದಿಗೆ ಜರಡಿ ಇರುತ್ತದೆ. ಎಷ್ಟೇ ಜನ ಸುತ್ತ ಕೂತಿರಲಿ, ಬುರುಡೆ ಒಂದೇ, ಕೊಳವೆಯೂ ಒಂದೇ! ನೀರು ಹಾಕಿಕೊಡಲು ಒಬ್ಬರೇ ಇರುತ್ತಾರೆ. ಮೊದಲನೆಯದು ಬಹಳ ಕಹಿ, ಹಾಗಾಗಿ ಅದನ್ನು ಅವರೇ ಕುಡಿಯುತ್ತಾರೆ. ಆಮೇಲೆ ಮತ್ತೆ ಮತ್ತೆ ನೀರು ಹಾಕಿ ಒಬ್ಬೊಬ್ಬರಿಗೇ ದಾಟಿಸುತ್ತಾರೆ. ಕೊಳವೆಯ ತುದಿಯನ್ನು ಕರ್ಚೀಫಿನಿಂದ ಒರೆಸಿಕೊಂಡಿರೋ, ಕೊಟ್ಟವರಿಗೆ ಬೇಜಾರು. ಇನ್ನೊಂದು ತಮಾಷೆ ಇದೆ. ಅಲ್ಲಿ ಬುರುಡೆ ವಾಪಸ್ ಕೊಡುವಾಗ ಥ್ಯಾಂಕ್ಸ್ ಹೇಳಿದರೆ ನಿಮಗೆ ಸಾಕಾಯಿತು ಅಂತ ಲೆಕ್ಕ. ಸುಮ್ನೆ ಮರ್ಯಾದೆಗೆ ಹೇಳಿದರೂ ಮುಂದಿನ ಸರದಿ ನಿಮಗೆ ಬರುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ, ದಯವಿಟ್ಟು ನಿಮ್ಮ ನಿಮ್ಮ ಬುರುಡೆಯಲ್ಲೇ ಕುಡಿಯಿರಿ ಅಂತ ಅಲ್ಲಿ ಜನರಿಗೆ ಹೇಳಬೇಕಾಯಿತು.

ನಮ್ಮ ಬಸ್ಸಿನ ಬಾಟಲಿ ಮತ್ತು ಅವರ ಬುರುಡೆ ಎರಡೂ ಹತ್ತು ಕೈ ದಾಟುವ ವಸ್ತುಗಳೇ. ನಮ್ಮದರಲ್ಲಿ ತುಟಿ ತಾಗಬಾರದು, ಅವರದರಲ್ಲಿ ತಾಗಲೇಬೇಕು. ಊಟದ ಮನೆಯಲ್ಲಿ ದೇಶ ದೇಶಕ್ಕೂ ಇರುವ ವ್ಯತ್ಯಾಸಗಳಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನ್ನಿಸುವುದು ಇದೇ, ಎಂಜಲಿನ ಲೆಕ್ಕ. ಯಾರು ಏನು ತಿನ್ನುತ್ತಾರೆ ಅನ್ನುವುದನ್ನು ಟಿವಿಯಲ್ಲಿ ದಿನಾ ತೋರಿಸುತ್ತಾರೆ. ಯಾರ ಎಂಜಲು ಯಾರಿಗೆ ನಡೆಯುತ್ತದೆ ಅನ್ನುವುದನ್ನು ಹೇಳುವವರು ಕಡಿಮೆ.

ಜಪಾನಿನ ಬಹಳ ಮನೆಗಳಲ್ಲಿ ಅನ್ನದ ಬಟ್ಟಲು ಮತ್ತು ಊಟದ ಕಡ್ಡಿ ಒಬ್ಬೊಬ್ಬರಿಗೆ ಬೇರೆ ಬೇರೆ. ಅಪ್ಪನ ಕಡ್ಡಿ ಅಪ್ಪನಿಗೇ, ಮಗಳದು ಮಗಳಿಗೇ. ತೊಳೆದಿಟ್ಟರೂ ಅದಲು ಬದಲು ಮಾಡುವುದಿಲ್ಲ. ಕಡ್ಡಿಯಿಂದ ಕಡ್ಡಿಗೆ ತಿನಿಸು ದಾಟಿಸುವುದಂತೂ ಕೂಡದು. ಅದಕ್ಕೆ ಕಾರಣ ಎಂಜಲಲ್ಲ, ಸಾವು. ಹೆಣ ಸುಟ್ಟ ಮೇಲೆ ಮನೆಯವರು ಎಲುಬನ್ನು ಹಾಗೆ ಕಡ್ಡಿಯಿಂದ ಕಡ್ಡಿಗೆ ದಾಟಿಸಿ ಮಡಿಕೆಯಲ್ಲಿ ಹಾಕುತ್ತಾರೆ. ಪಕ್ಕದ ಚೀನಾದಲ್ಲಿ ಬೇರೆ ಪದ್ಧತಿ. ಪಲ್ಯಗಳೆಲ್ಲ ಮೇಜಿನ ನಡುವೆ ಇರುತ್ತವೆ. ಪ್ರತಿಯೊಬ್ಬರೂ ತಮ್ಮ ಬಾಯಿಗೆ ಹೋಗಿ ಬಂದ ಕಡ್ಡಿಯಿಂದಲೇ ತೆಗೆದುಕೊಳ್ಳುತ್ತಾರೆ. ಅಜ್ಜಿ ಒಳ್ಳೆಯ ತುಂಡನ್ನು ಆರಿಸಿ ತನ್ನ ಕಡ್ಡಿಯಿಂದಲೇ ಮೊಮ್ಮಗನ ಬಟ್ಟಲಿಗೆ ಹಾಕುತ್ತಾಳೆ, ಅದು ಪ್ರೀತಿ. 2003ರಲ್ಲಿ ಸಾರ್ಸ್ ಬಂದಾಗ ಒಮ್ಮೆ, ಕೊರೊನಾ ಕಾಲದಲ್ಲಿ ಇನ್ನೊಮ್ಮೆ, ಬಡಿಸಲು ಬೇರೆ ಕಡ್ಡಿ ಇಡಿ ಅಂತ ಅಲ್ಲಿ ಪ್ರಚಾರ ನಡೆಯಿತು. ಆದರೆ ಅಜ್ಜಿಗೆ ಇದನ್ನು ಹೇಳುವವರು ಯಾರು?

ಇಥಿಯೋಪಿಯಾದ ಊಟ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ತೆಫ್ ಅಂತ ಒಂದು ಕಾಳು ಬೆಳೆಯುತ್ತಾರೆ, ಸಾಸಿವೆಗಿಂತ ಸಣ್ಣದು. ಅದರ ಹಿಟ್ಟು ಕಲಸಿ, ಕೆಲವು ದಿನ ಹುಳಿ ಬರಲು ಬಿಟ್ಟು, ಅಗಲವಾದ ಹಂಚಿನ ಮೇಲೆ ಸುರುಳಿ ಸುರುಳಿಯಾಗಿ ಹೊಯ್ದು ಮುಚ್ಚುತ್ತಾರೆ. ಅದನ್ನು ಮಗುಚುವುದಿಲ್ಲ, ಒಂದೇ ಮಗ್ಗುಲು ಬೇಯುತ್ತದೆ. ಮೇಲೆಲ್ಲ ಸಣ್ಣ ಸಣ್ಣ ತೂತು ಬೀಳುತ್ತವೆ. ಇದೇ ಇಂಜೆರಾ. ತೆಫ್ ತುಟ್ಟಿಯಾದಲ್ಲಿ ಜೋಳದಲ್ಲೂ ಮಾಡುತ್ತಾರೆ. ಜೋಳದ ತವರು ಆ ಕಡೆಯೇ, ಈಶಾನ್ಯ ಆಫ್ರಿಕಾ. ಸಾವಿರಾರು ವರ್ಷಗಳ ಹಿಂದೆ ಅದು ಸಮುದ್ರ ದಾಟಿ ನಮ್ಮ ಎರೆಹೊಲಕ್ಕೆ ಬಂತು. ನಾವು ಬಿಸಿನೀರು ಹಾಕಿ ನಾದಿ ರೊಟ್ಟಿ ಬಡಿದೆವು, ಅವರು ಹುಳಿ ಬರಿಸಿ ಹೊಯ್ದರು.

ಇಂಜೆರಾವನ್ನು ದೊಡ್ಡ ದುಂಡನೆಯ ತಾಟಿನಲ್ಲಿ ಹಾಸಿ, ಅದರ ಮೇಲೆಯೇ ಅಲ್ಲಲ್ಲಿ ಪಲ್ಯ ಬಡಿಸುತ್ತಾರೆ. ಶಿರೋ ಅಂತ ಒಂದಿದೆ. ಕಡಲೆ ಹಿಟ್ಟು, ಬೆಳ್ಳುಳ್ಳಿ, ಕೆಂಪು ಖಾರದ ಮಸಾಲೆ. ನೀರು ಜಾಸ್ತಿಯಾಗಿ ಸಡಿಲವಾದ ನಮ್ಮ ಝುಣಕದ ಹಾಗೆ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಉಪವಾಸ ಹಿಡಿಯುತ್ತಾರೆ. ಆ ದಿನ ಮಾಂಸ, ಹಾಲು, ಬೆಣ್ಣೆ ಏನೂ ಇಲ್ಲ, ಬರೀ ಬೇಳೆ ಮತ್ತು ಕಾಯಿಪಲ್ಯ. ನಮ್ಮ ಸಸ್ಯಾಹಾರಿ ಮಂದಿ ಅಲ್ಲಿಗೆ ಹೋದರೆ ಆ ಎರಡು ದಿನ ಹಬ್ಬ.

ತಾಟಿನ ಸುತ್ತ ಎಲ್ಲರೂ ಕೂತು ಬಲಗೈಯಿಂದ ಹರಿದು ತಿನ್ನುತ್ತಾರೆ. ತಮ್ಮ ಮುಂದಿನ ಭಾಗಕ್ಕಷ್ಟೇ ಕೈ ಹಾಕಬೇಕು, ಎದುರಿನವರ ಕಡೆಗೆ ಚಾಚಬಾರದು. ನಡುವೆ ಯಾರಾದರೂ ಒಂದು ದೊಡ್ಡ ತುತ್ತು ಸುತ್ತಿ ಪಕ್ಕದವರ ಬಾಯಿಗೇ ಇಡುತ್ತಾರೆ. ಅದು ಗುರ್ಶಾ. ಅತಿಥಿಗೆ ಇಡುತ್ತಾರೆ, ಹಿರಿಯರಿಗೆ ಇಡುತ್ತಾರೆ, ಗೆಳೆಯರಿಗೂ ಇಡುತ್ತಾರೆ. ತುತ್ತು ದೊಡ್ಡದಾದಷ್ಟೂ ಪ್ರೀತಿ ಜಾಸ್ತಿ. ಬೇಡ ಅಂದರೆ ಮುಖ ಸಣ್ಣದಾಗುತ್ತದೆ.

ಅಯ್ಯೋ, ಇನ್ನೊಬ್ಬರ ಕೈಯಿಂದ ತಿನ್ನೋದಾ ಅನ್ನಿಸಿತಾ? ನಮ್ಮ ಲಗ್ನದ ಭೂಮ ನೆನಪು ಮಾಡಿಕೊಳ್ಳಿ. ಪರಾತದ ತುಂಬ ಹೋಳಿಗೆ, ಅನ್ನ, ಮೇಲೆ ಧಾರಾಳ ತುಪ್ಪ. ಮದುಮಕ್ಕಳ ಜೊತೆ ಎರಡೂ ಕಡೆಯ ಬೀಗರು ಸುತ್ತ ಕೂತು ಅದೇ ಪರಾತಕ್ಕೆ ಕೈ ಹಾಕುತ್ತಾರೆ. ಒಬ್ಬರ ಬಾಯಿಗೆ ಒಬ್ಬರು ಹೋಳಿಗೆ ತುರುಕುತ್ತಾರೆ. ಹೋದ ತಿಂಗಳು ಇವರ ಹೆಸರು ಅವರಿಗೆ ಗೊತ್ತಿರಲಿಲ್ಲ. ಬಸ್ಸಿನ ಬಾಟಲಿಗೆ ತುಟಿ ಹಚ್ಚದ ನಾವೇ ಅಲ್ವಾ ಇವರು? ಭೂಮಕ್ಕೆ ಕೂತ ಮೇಲೆ ಎಂಜಲು ಅನ್ನುವುದು ಇಲ್ಲ. ಬೀಗತನ ಗಟ್ಟಿಯಾಗುವುದೇ ಅಲ್ಲಿ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಎಂಜಲು ನಮ್ಮಲ್ಲಿ ಬರೀ ಸ್ವಚ್ಛತೆಯ ಮಾತಾಗಿರಲಿಲ್ಲ. ಚಹಾದಂಗಡಿಯ ಹೊರಗೆ ಕೆಲವರಿಗಷ್ಟೇ ಬೇರೆ ಕಪ್ಪು ಇಟ್ಟ ಊರುಗಳು ಈ ಸೀಮೆಯಲ್ಲೂ ಇದ್ದವು. ಆ ಕಪ್ಪನ್ನು ಅವರೇ ತೊಳೆದಿಡಬೇಕಿತ್ತು. ಅದು ರೋಗದ ಅಂಜಿಕೆಯಲ್ಲ, ಜಾತಿಯ ಸೊಕ್ಕು. ನಮ್ಮ ಬಾಗೇವಾಡಿಯ ಬಸವಣ್ಣನವರು ಇದನ್ನು 12ನೇ ಶತಮಾನದಲ್ಲೇ ಹಿಡಿದು ಕೇಳಿದ್ದರು. ಹಾಲು ಕರುವಿನ ಎಂಜಲು, ನೀರು ಮೀನಿನ ಎಂಜಲು, ಹೂವು ದುಂಬಿಯ ಎಂಜಲು, ಹೀಗಿರುವಾಗ ದೇವರಿಗೆ ಏರಿಸುವುದಾದರೂ ಏನನ್ನು ಅಂತ.

ತಾಟಿನಲ್ಲಿ ಬಿಡುವ ವಿಷಯಕ್ಕೆ ಬಂದರೆ ನಮ್ಮ ಮಠಗಳ ದಾಸೋಹ ಮತ್ತು ಜಪಾನಿನವರು ಒಂದೇ ಪಕ್ಷ. ಅವರು ಒಂದಗಳನ್ನೂ ಬಿಡಬಾರದು ಅಂತ ಮಕ್ಕಳಿಗೆ ಕಲಿಸುತ್ತಾರೆ. ನಮ್ಮಲ್ಲಿ ಪ್ರಸಾದದ ತಾಟಿಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯುವವರಿದ್ದಾರೆ. ಚೀನಾದಲ್ಲಿ ಸ್ವಲ್ಪ ಉಳಿಸುವುದೇ ಮರ್ಯಾದೆಯಾಗಿತ್ತು. ಪೂರಾ ಖಾಲಿ ಮಾಡಿದರೆ ಬಡಿಸಿದ್ದು ಕಡಿಮೆಯಾಯಿತು ಅಂತ ಅರ್ಥ. ಹಾಗೆ ಉಳಿದದ್ದು ವಿಪರೀತವಾಗಿ, 2021ರಲ್ಲಿ ಆಹಾರ ಪೋಲು ಮಾಡುವುದರ ವಿರುದ್ಧ ಅಲ್ಲಿ ಕಾನೂನೇ ಬಂತು.

ಇನ್ನು ಎಡಗೈ. ನಮ್ಮ ಊರಿನ ಮದುವೆಗಳಿಗೂ ಈಗ ಬಫೆ ಬಂದಿದೆ. ಪಂಕ್ತಿಯಲ್ಲಿ ಕೂತಾಗ ಬಡಿಸುವವರು ಬೇರೆ ಇದ್ದರು. ಈಗ ತಿನ್ನುತ್ತಾ ತಿನ್ನುತ್ತಾ ನಾವೇ ಹೋಗಿ ಹಾಕಿಕೊಳ್ಳಬೇಕು. ಬಲಗೈ ಎಂಜಲು, ಅದರಿಂದ ಸೌಟು ಮುಟ್ಟುವ ಹಾಗಿಲ್ಲ. ಹಾಗಾಗಿ ತಾಟನ್ನು ಮೇಜಿನ ಅಂಚಿಗೆ ಆನಿಸಿ ಎಡಗೈಯಿಂದ ಸೌಟು ಹಿಡಿಯುತ್ತೇವೆ. ನಮ್ಮ ಪ್ರಕಾರ ಅದು ಶುದ್ಧ ನಡತೆ. ಅದೇ ಸಾಲಿನಲ್ಲಿ ದುಬೈಯಿಂದ ಬಂದ ಅರಬ್ ಅತಿಥಿ ಇದ್ದರೆ ಅವರಿಗೆ ಕಸಿವಿಸಿ. ಅವರಲ್ಲಿ ಎಡಗೈ ಶೌಚದ ಕೈ, ಊಟದ ಹತ್ತಿರ ತರುವಂತಿಲ್ಲ. ನಮಗೂ ಅದು ಶೌಚದ ಕೈಯೇ, ಆದರೆ ಎಂಜಲಿನ ಮುಂದೆ ಆ ನಿಯಮ ಸೋಲುತ್ತದೆ. ನಮ್ಮ ಹಿರಿಯರು ಇದೆಲ್ಲ ಕಿರಿಕಿರಿಯೇ ಬೇಡ ಅಂತ ಒಂದೇ ಸಲ ತಾಟಿನ ತುಂಬ ಹಾಕಿಸಿಕೊಂಡು, ಕುರ್ಚಿ ಹುಡುಕಿ ಮೂಲೆಗೆ ಹೋಗಿ ಕೂತುಬಿಡುತ್ತಾರೆ. ಮೊಮ್ಮಕ್ಕಳು ಬಂದು, 'ಅಜ್ಜಾ, ಇನ್ನೊಂದ್ ಹೋಳಗಿ ತರ್ಲಾ?' ಅಂತ ಕೇಳಿದರೆ ಮಾತ್ರ ಬೇಡ ಅನ್ನುವುದಿಲ್ಲ.

ನಮಸ್ಕಾರ.