ಆಳಿನ ಭಕ್ತಿ, ಮಗನ ಭರೋಸಾ

(ಬೀದರಿನಲ್ಲಿ ಒಂದು ಸಂಜೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಚರ್ಚಿನವರು ಕೂತಿದ್ದೀರಿ, ಚರ್ಚಿನ ಮೆಟ್ಟಿಲು ಹತ್ತದವರೂ ಕೂತಿದ್ದೀರಿ. ಹಿಂದಿನ ಸಾಲಿನಲ್ಲಿ ಬರೀ ಚಹಾಕ್ಕೆ ಬಂದವರು ಇದ್ದೀರಿ ಅಂತಾನೂ ನನಗೆ ಗೊತ್ತು. ಪರವಾಗಿಲ್ಲ. ಚಹಾ ಎಲ್ಲರಿಗೂ ಇದೆ, ನಿದ್ದೆ ಮಾಡಿದವರಿಗೂ ಇದೆ. ಇವತ್ತಿನ ವಿಷಯವೇ ಹೆಚ್ಚುಕಮ್ಮಿ ಅದು.

ಸ್ವಲ್ಪ ದಿನದ ಹಿಂದೆ ಒಬ್ಬ ಪಿಯುಸಿ ಹುಡುಗಿ ನನ್ನ ಹತ್ತಿರ ಬಂದಳು. "ಸರ್, ಪರೀಕ್ಷೆ ಇದ್ದ ವಾರ ಚರ್ಚಿಗೆ ಹೋಗಿರಲಿಲ್ಲ. ಫಿಸಿಕ್ಸ್ ಹೋಯಿತು. ದೇವರು ಅದಕ್ಕೇ ಹಿಂಗ ಮಾಡಿದ್ನಾ?" ನಾನು ಮಾಸ್ತರ ಬುದ್ಧಿಯಿಂದ, ಫಿಸಿಕ್ಸ್ ಓದಿದ್ದೆಯಾ ಅಂತ ಮೊದಲು ಕೇಳಿದೆ. ಅವಳು ನಕ್ಕಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಈ ಹುಡುಗಿಗೆ ನಾವು ಎಂಥ ದೇವರನ್ನು ತೋರಿಸಿಕೊಟ್ಟಿದ್ದೇವೆ? ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇಟ್ಟುಕೊಂಡು ಕೂತ ಶೇಠಜಿ ತರಹ. ಒಂದು ಭಾನುವಾರ ತಪ್ಪಿತು, ಬರಕೋ. ಉಪವಾಸ ಬಿಟ್ಟಳು, ಬರಕೋ. ಸಿನಿಮಾ ನೋಡಿದಳು, ಎರಡು ಸಲ ಬರಕೋ. ತಿಂಗಳ ಕೊನೆಗೆ ಫಿಸಿಕ್ಸ್‌ನಲ್ಲಿ ವಸೂಲಿ.

ಅವಳು ದೇವರನ್ನು ನಂಬುವುದಿಲ್ಲ ಅಂತ ಹೇಳಲು ಆಗುವುದಿಲ್ಲ. ನಂಬುತ್ತಾಳೆ, ಬಹಳ ನಂಬುತ್ತಾಳೆ. ಆದರೆ ಭರೋಸಾ ಇಲ್ಲ. ಈ ಪದ ನಮ್ಮ ಬೀದರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಅವ ಶ್ರೀಮಂತ ಇದ್ದಾನ ಅಂತ ನಂಬತೀನಿ, ಆದರ ಅವನ ಮ್ಯಾಲ ನನಗ ಭರೋಸಾ ಇಲ್ಲ" ಅಂತ ನಾವು ದಿನಾ ಆಡುತ್ತೇವೆ. ಸತ್ಯವೇದದ, ಅಂದರೆ ಬೈಬಲಿನ, ಹೊಸ ಒಡಂಬಡಿಕೆಯಲ್ಲಿ ನಂಬಿಕೆ ಅಂತ ಬರುವ ಕಡೆ ಗ್ರೀಕಿನಲ್ಲಿ ಪಿಸ್ಟಿಸ್ ಅನ್ನುವ ಪದ ಇದೆ. ಅದರಲ್ಲಿ ಒಪ್ಪಿಕೊಳ್ಳುವುದೂ ಇದೆ, ಒಬ್ಬರ ಮೇಲೆ ಭಾರ ಹಾಕಿ ನಿಶ್ಚಿಂತೆಯಿಂದ ಇರುವುದೂ ಇದೆ. ನಾವು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಎಲ್ಲೋ ಕಳೆದುಕೊಂಡಿದ್ದೇವೆ.

ನಮ್ಮ ಜಿಲ್ಲೆಯಲ್ಲಿ ಕ್ರೈಸ್ತರು ಅಂದರೆ ಜಾಸ್ತಿ ಮೆಥೋಡಿಸ್ಟರು. ವರ್ಷಕ್ಕೊಮ್ಮೆ ವಿಕಾರಾಬಾದ್ ಹತ್ತಿರದ ಧಾರೂರ್ ಜಾತ್ರೆಗೆ ಗಂಟುಮೂಟೆ ಕಟ್ಟಿಕೊಂಡು ಹೋಗುವವರು. ಆದರೆ ಮೆಥೋಡಿಸ್ಟ್ ಅನ್ನುವ ಹೆಸರು ಹೇಗೆ ಬಂತು ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಅದು ಗೇಲಿಯ ಹೆಸರು. ಆಕ್ಸ್‌ಫರ್ಡಿನಲ್ಲಿ ಮುಂದೆ ಈ ಪಂಗಡದ ಮೂಲಪುರುಷನಾದ ಜಾನ್ ವೆಸ್ಲಿ, ಅವನ ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಸೇರಿ ಒಂದು ಗುಂಪು ಇತ್ತು. ಬುಧವಾರ, ಶುಕ್ರವಾರ ಉಪವಾಸ. ಜೈಲಿಗೆ ಹೋಗಿ ಕೈದಿಗಳನ್ನು ನೋಡುವುದು. ಪ್ರಾರ್ಥನೆಗೆ ಗಂಟೆ, ಓದಿಗೆ ಗಂಟೆ, ಎಲ್ಲಕ್ಕೂ ಒಂದು ಪದ್ಧತಿ. ಉಳಿದ ಹುಡುಗರು ನಕ್ಕು "ಪದ್ಧತಿಯವರು ಬಂದರು" ಅಂದರು. ಆ ಪದ್ಧತಿಯವರೇ ಮೆಥೋಡಿಸ್ಟರು.

ವೆಸ್ಲಿಯನ್ನು ನಾನು ಹಗುರವಾಗಿ ಮಾತಾಡುತ್ತಿಲ್ಲ. ಅಷ್ಟು ಶ್ರದ್ಧೆ ನಮ್ಮಲ್ಲಿ ಯಾರಿಗಿದೆ? ಆದರೆ ಅಷ್ಟು ಮಾಡಿದರೂ ಅವನಿಗೆ ಸಮಾಧಾನ ಇರಲಿಲ್ಲ. 1736ರ ಜನವರಿಯಲ್ಲಿ ಪಾದ್ರಿಯಾಗಿ ಹಡಗಿನಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹೋಗುತ್ತಿದ್ದ. ಬಿರುಗಾಳಿ ಎದ್ದಿತು, ದೊಡ್ಡ ಪಟ ಹರಿದುಹೋಯಿತು, ನೀರು ಒಳಗೆ ನುಗ್ಗಿತು. ಇಂಗ್ಲಿಷರು ಕಿರುಚಾಡುತ್ತಿದ್ದರು. ಅದೇ ಹಡಗಿನಲ್ಲಿ ಮೊರೇವಿಯನ್ ಪಂಗಡದ ಜರ್ಮನ್ನರು ಇದ್ದರು. ಅವರು ಕೀರ್ತನೆ ಹಾಡುತ್ತಿದ್ದವರು ಹಾಡುತ್ತಲೇ ಇದ್ದರು. ಆಮೇಲೆ ವೆಸ್ಲಿ ಕೇಳಿದ, ನಿಮಗೆ ಭಯ ಆಗಲಿಲ್ಲವಾ? ಇಲ್ಲ. ಹೆಂಗಸರು, ಮಕ್ಕಳಿಗೂ? ಇಲ್ಲ, ಅವರಿಗೂ ಸಾಯಲು ಭಯವಿಲ್ಲ. ವೆಸ್ಲಿಗೆ ಮಾತ್ರ ಭಯ ಆಗಿತ್ತು. ಅಷ್ಟು ವರ್ಷದ ಉಪವಾಸ ಆ ರಾತ್ರಿ ಕೈಹಿಡಿಯಲಿಲ್ಲ.

ದಡ ಸೇರಿದ ಮೇಲೆ ಆ ಪಂಗಡದ ಸ್ಪಾಂಗೆನ್‌ಬರ್ಗ್ ಅನ್ನುವವರು ಅವನನ್ನು ಕೇಳಿದರು, ನಿನಗೆ ಯೇಸು ಗೊತ್ತಾ? ಆತ ಲೋಕದ ರಕ್ಷಕ ಅಂತ ಗೊತ್ತು ಅಂದ. ಅದು ಸರಿ, ನಿನ್ನನ್ನು ರಕ್ಷಿಸಿದ್ದಾನೆ ಅಂತ ಗೊತ್ತಾ? ವೆಸ್ಲಿ ತಡವರಿಸಿದ. ನೋಡಿ, ನಂಬಿಕೆಗೂ ಭರೋಸಾಕ್ಕೂ ನಡುವೆ ಇರುವ ಗೇಣು ಜಾಗ ಅದೇ.

ಆ ಜಾಗದಲ್ಲಿ ನಿಂತ ಮನುಷ್ಯ ಬೇರೆಯವರಿಗೆ ಏನು ಮಾಡುತ್ತಾನೆ ಗೊತ್ತಾ? ಇದನ್ನು ನಮ್ಮ ಚರ್ಚಿನಲ್ಲಿ ಜಾಸ್ತಿ ಹೇಳುವುದಿಲ್ಲ. ಜಾರ್ಜಿಯಾದ ಸವಾನಾ ಊರಿನಲ್ಲಿ ವೆಸ್ಲಿ ಸೋಫಿಯಾ ಹಾಪ್ಕಿ ಅನ್ನುವ ಹುಡುಗಿಯನ್ನು ಇಷ್ಟಪಟ್ಟಿದ್ದ. ಮದುವೆಯ ಮಾತಿಗೆ ಹಿಂದೆಮುಂದೆ ನೋಡುತ್ತಾ ಕಾಲ ಕಳೆದ. ಅವಳು ಇನ್ನೊಬ್ಬನನ್ನು ಮದುವೆಯಾದಳು. ಕೆಲವು ತಿಂಗಳಾದ ಮೇಲೆ, 1737ರ ಆಗಸ್ಟಿನಲ್ಲಿ, ಅವಳು ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ಚರ್ಚಿನಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸಕ್ಕೆ, ಬಂದಾಗ ವೆಸ್ಲಿ ಕೊಡುವುದಿಲ್ಲ ಅಂದುಬಿಟ್ಟ. ಕಾರಣ? ಬರುತ್ತೇನೆ ಅಂತ ಮುಂಚೆಯೇ ತಿಳಿಸಿರಲಿಲ್ಲವಂತೆ. ನಿಯಮ ಪುಸ್ತಕದಲ್ಲಿ ಇತ್ತು, ನಿಜ. ಆದರೆ ಊರಿನವರು ಅದನ್ನು ನಂಬಲಿಲ್ಲ, ನಾನೂ ನಂಬುವುದಿಲ್ಲ. ಪ್ರಕರಣ ಕೋರ್ಟಿಗೆ ಹೋಯಿತು. ಡಿಸೆಂಬರಿನಲ್ಲಿ ವೆಸ್ಲಿ ಜಾರ್ಜಿಯಾ ಬಿಟ್ಟು ಹೊರಟುಹೋದ. ನಿಯಮದ ಒಂದು ಗುಣ ಇದು: ನಮ್ಮ ಹೊಟ್ಟೆಕಿಚ್ಚಿಗೆ ಅದು ಒಳ್ಳೆಯ ಬಿಳಿ ಅಂಗಿ ಹೊಲಿದುಕೊಡುತ್ತದೆ.

ಊಟದ ಜಾಗದಲ್ಲೇ ಇದು ಬಯಲಿಗೆ ಬರುತ್ತದೆ ಅನ್ನುವುದನ್ನು ಸ್ವಲ್ಪ ಗಮನಿಸಿ. ಮೊದಲನೇ ಶತಮಾನದಲ್ಲೂ ಹಾಗೇ ಆಯಿತು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಅಂತಿಯೋಕ್ಯದ ಜಗಳವನ್ನು ಹೇಳುತ್ತಾನೆ. ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಯೆಹೂದ್ಯರಲ್ಲದವರ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯ ಕೆಲವರು ಬಂದರು, ಅಂಥವರ ಜೊತೆ ಊಟ ಮಾಡಬಾರದು ಅನ್ನುವ ಯೆಹೂದ್ಯರು. ಪೇತ್ರ ಮೆಲ್ಲಗೆ ಎದ್ದ. ಅವನನ್ನು ನೋಡಿ ಉಳಿದವರೂ ಎದ್ದರು, ಬಾರ್ನಬನಂಥವನೂ ಎದ್ದ. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ನೀತಿವಂತರೆಂದು ಎಣಿಸಲ್ಪಡುವುದು ಧರ್ಮಶಾಸ್ತ್ರದ ಕ್ರಿಯೆಗಳಿಂದಲ್ಲ, ಕ್ರಿಸ್ತನ ಮೇಲಿನ ನಂಬಿಕೆಯಿಂದ ಅನ್ನುವ ಮಾತನ್ನು ನಾವು ಬಾಯಿಪಾಠ ಮಾಡಿದ್ದೇವಲ್ಲ, ಅದು ಈ ಜಗಳದ ಬೆನ್ನಿಗೇ ಬರುತ್ತದೆ. ಯಾರು ಯಾರ ಪಂಕ್ತಿಯಲ್ಲಿ ಕೂರಬಹುದು ಅನ್ನುವ ಜಗಳ. ಇದು ನಮಗೆ ಅರ್ಥವಾಗದಿದ್ದರೆ ಇನ್ಯಾರಿಗೆ ಅರ್ಥವಾಗಬೇಕು? ಈ ಭಾಗದ ಕ್ರೈಸ್ತರ ಹಿರಿಯರಲ್ಲಿ ಬಹಳ ಜನ ಹೋಟೆಲಿನ ಹೊರಗೆ ಬೇರೆ ಲೋಟದಲ್ಲಿ ಚಹಾ ಕುಡಿದವರು. ಅಂಥವರ ಮೊಮ್ಮಕ್ಕಳು ನಾವು ಚರ್ಚಿನೊಳಗೆ ಯಾರು ಯೋಗ್ಯರು ಅಂತ ಪಟ್ಟಿ ಮಾಡುತ್ತಾ ಕೂತಿದ್ದೇವೆ.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯ ಆಗುತ್ತದೆ. ಇದೆಲ್ಲ ಕೇಳಿ ಯೆಹೂದ್ಯರ ಧರ್ಮಶಾಸ್ತ್ರವೇ ಕೆಟ್ಟದ್ದು ಅಂತ ತಿಳಿಯಬೇಡಿ. ವಿಮೋಚನಕಾಂಡದ 20ನೇ ಅಧ್ಯಾಯ ತೆಗೆದು ನೋಡಿ. ಹತ್ತು ಆಜ್ಞೆಗಳು ಆಜ್ಞೆಯಿಂದ ಶುರುವಾಗುವುದಿಲ್ಲ. ನಾನು ನಿನ್ನನ್ನು ಐಗುಪ್ತದ ದಾಸತ್ವದಿಂದ ಬಿಡಿಸಿದವನು ಅನ್ನುವುದರಿಂದ ಶುರುವಾಗುತ್ತವೆ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಆಜ್ಞೆ ಪಾಲಿಸಿದರೆ ಬಿಡಿಸುತ್ತೇನೆ ಅಂತ ಅಲ್ಲಿಲ್ಲ.

ಮತ್ತೆ ವೆಸ್ಲಿಗೆ ಬರೋಣ, ಅವನನ್ನು ಸೋತ ಸ್ಥಿತಿಯಲ್ಲಿ ಬಿಟ್ಟುಬಂದಿದ್ದೇವೆ. 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟಕ್ಕೆ ಹೋದ. ಮನಸ್ಸಿಲ್ಲದ ಮನಸ್ಸಿನಿಂದ ಹೋದೆ ಅಂತ ಅವನೇ ಬರೆದಿದ್ದಾನೆ. (ಇಲ್ಲಿ ಮನಸ್ಸಿಲ್ಲದೆ ಬಂದವರಿಗೆ ಇದು ಸಮಾಧಾನದ ಸುದ್ದಿ.) ಅಲ್ಲಿ ಒಬ್ಬರು, ಪೌಲ ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಒಂಬತ್ತಕ್ಕೆ ಕಾಲು ಗಂಟೆ ಇತ್ತು. ಎದೆ ಬೆಚ್ಚಗಾಯಿತು, ಕ್ರಿಸ್ತನೊಬ್ಬನ ಮೇಲೆ ಭರವಸೆ ಇಟ್ಟೆ, ನನ್ನ ಪಾಪವನ್ನೂ, ನನ್ನದನ್ನೂ, ಆತ ತೆಗೆದುಹಾಕಿದ್ದಾನೆ ಅನ್ನುವ ಖಾತ್ರಿ ಬಂತು ಅಂತ ದಿನಚರಿಯಲ್ಲಿ ಬರೆದ. ಆ "ನನ್ನದನ್ನೂ" ಅನ್ನುವುದರ ಮೇಲೆ ಬೆರಳಿಡಿ. ಸ್ಪಾಂಗೆನ್‌ಬರ್ಗ್ ಕೇಳಿದ್ದಕ್ಕೆ ಎರಡು ವರ್ಷದ ಮೇಲೆ ಬಂದ ಉತ್ತರ ಅದು.

ವಯಸ್ಸಾದ ಮೇಲೆ ವೆಸ್ಲಿ ತನ್ನ ಹಳೆಯ ದಿನಗಳ ಬಗ್ಗೆ ಇನ್ನೊಂದು ಮಾತು ಸೇರಿಸಿದ. ಆಗ ನನ್ನಲ್ಲಿ ನಂಬಿಕೆ ಇರಲೇ ಇಲ್ಲ ಅಂತಲ್ಲ, ಆಳಿನ ನಂಬಿಕೆ ಇತ್ತು, ಮಗನ ನಂಬಿಕೆ ಇರಲಿಲ್ಲ ಅಂತ.

ಲೂಕನ 15ನೇ ಅಧ್ಯಾಯದ ಹಿರಿಮಗ ಇವನೇ ಅಲ್ವಾ? ಯೇಸು ಹೇಳಿದ ಆ ಕಥೆಯಲ್ಲಿ ಒಬ್ಬ ಅಪ್ಪನಿಗೆ ಇಬ್ಬರು ಮಕ್ಕಳು; ಕಿರಿಯ ತನ್ನ ಪಾಲಿನ ಆಸ್ತಿ ಹಾಳುಮಾಡಿ ಮರಳಿ ಬಂದಾಗ ಅಪ್ಪ ಹಬ್ಬ ಮಾಡುತ್ತಾನೆ. ನಾವೆಲ್ಲ ಓಡಿಹೋದ ಕಿರಿಯನ ಕಥೆ ಹೇಳಿ ಕಣ್ಣೀರು ಹಾಕುತ್ತೇವೆ. ಹಿರಿಯ ಹೊಲದಿಂದ ಬರುತ್ತಾನೆ, ಮನೆಯಲ್ಲಿ ಹಾಡು, ಕುಣಿತ, ಕೊಬ್ಬಿದ ಕರು ಕೊಯ್ದಿದ್ದಾರೆ. ಅವನು ಹೊರಗೇ ನಿಲ್ಲುತ್ತಾನೆ. ಅಪ್ಪ ಹೊರಗೆ ಬಂದು ಬೇಡಿಕೊಂಡರೆ, ಇಷ್ಟು ವರ್ಷ ನಿನಗೆ ದುಡಿದೆ, ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಅನ್ನುತ್ತಾನೆ. ಗ್ರೀಕಿನಲ್ಲಿ ಆ ದುಡಿಮೆಗೆ ಬಳಸಿದ ಪದ ಗುಲಾಮನ ದುಡಿಮೆಯದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಜೀತ. ಹೊಲ ಅವನದೇ, ಮನೆ ಅವನದೇ, ಅಪ್ಪ ಅವನವನೇ. ಆದರೂ ಅವನು ತನ್ನ ಮನೆಯಲ್ಲಿ ಜೀತಕ್ಕಿದ್ದ. ಒಂದು ಆಜ್ಞೆಯನ್ನೂ ಮೀರದವನು ಊಟದ ಹೊತ್ತಿಗೆ ಅಂಗಳದಲ್ಲಿ ನಿಂತಿದ್ದಾನೆ.

ಈಗ ಮುಂದಿನ ಸಾಲಿನ ಹಿರಿಯರೊಬ್ಬರು ಕೈ ಎತ್ತಬೇಕೋ ಬೇಡವೋ ಅಂತ ಯೋಚನೆ ಮಾಡುತ್ತಿದ್ದಾರೆ. ನಿಮ್ಮ ಪ್ರಶ್ನೆ ಗೊತ್ತು ಕಾಕಾ. ಎಲ್ಲ ಪುಕ್ಕಟೆ ಅಂದರೆ ಹುಡುಗರು ಕೆಡುವುದಿಲ್ಲವಾ? ಯಾಕೋಬನ ಪತ್ರ ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಅನ್ನುತ್ತದಲ್ಲ? ಅನ್ನುತ್ತದೆ. ಪೌಲನಿಗೂ ಇದೇ ಪ್ರಶ್ನೆ ಬಂದಿತ್ತು, ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವಾ ಅಂತ. ಎಂದಿಗೂ ಇಲ್ಲ ಅಂದ. ಇದಕ್ಕೆ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಉತ್ತರ ಸಿಕ್ಕಿದ್ದು ನಮ್ಮ ಊರಿನಲ್ಲೇ, ಸಿಖ್ಖರ ಗುರುದ್ವಾರ ನಾನಕ್ ಝೀರಾದಲ್ಲಿ. ಎಲ್ಲರಿಗೂ ಪುಕ್ಕಟೆ ಊಟ ಹಾಕುವ ಅಲ್ಲಿನ ಲಂಗರಿನಲ್ಲಿ ನೀವೂ ಕೂತಿರುತ್ತೀರಿ. ತಲೆಗೆ ಕರವಸ್ತ್ರ ಕಟ್ಟಿಕೊಂಡು ಸಾಲಿನಲ್ಲಿ ನೆಲದ ಮೇಲೆ ಕೂರುತ್ತೇವೆ. ರೊಟ್ಟಿಗೆ ಎರಡೂ ಕೈ ಚಾಚುತ್ತೇವೆ. ಯಾರ ಮಗ, ಯಾವ ಜಾತಿ, ಏನು ಕೊಟ್ಟಿದ್ದೀಯ ಅಂತ ಯಾರೂ ಕೇಳುವುದಿಲ್ಲ. ಉಂಡು ಎದ್ದ ಮೇಲೆ ಕೆಲವರು ಹೋಗಿ ತಟ್ಟೆ ತೊಳೆಯಲು ನಿಲ್ಲುತ್ತಾರೆ. ಸಿಖ್ಖರ ಸೇವೆಯ ಅರ್ಥ ಅವರೇ ಹೇಳಬೇಕು, ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತಿದ್ದೇನೆ. ಆ ತಟ್ಟೆ ತೊಳೆಯುವವನು ಊಟದ ದುಡ್ಡು ತೀರಿಸುತ್ತಿಲ್ಲ. ತೊಳೆಯದೆ ಹೋದವನನ್ನು ಯಾರೂ ಗೇಟಿನಲ್ಲಿ ಹಿಡಿಯುವುದೂ ಇಲ್ಲ. ಹೊಟ್ಟೆ ತುಂಬಿದೆ, ಮನಸ್ಸು ತುಂಬಿದೆ, ಕೈ ಸುಮ್ಮನಿರುವುದಿಲ್ಲ. ಯಾಕೋಬ ಹೇಳುವ ಕ್ರಿಯೆ ಅದು ಅಂತ ನನ್ನ ತಿಳುವಳಿಕೆ. ಎಂಥ ಊಟ ಉಂಡರೂ ಒಂದು ದಿನವೂ ಕೈ ಆಡದಿದ್ದರೆ, ನಿಜಕ್ಕೂ ಉಂಡಿದ್ದಾನಾ ಅಂತ ಕೇಳಬಹುದು. ಆದರೆ ಬಾಗಿಲಲ್ಲೇ ನಿಲ್ಲಿಸಿ "ಮೊದಲು ನಾಲ್ಕು ತಟ್ಟೆ ತೊಳಿ" ಅಂದರೆ ಅದು ಲಂಗರ್ ಆಗುವುದಿಲ್ಲ, ಖಾನಾವಳಿ ಆಗುತ್ತದೆ.

ವೆಸ್ಲಿಯೂ ಕೊನೆಗೆ ಇಲ್ಲಿಗೇ ಬಂದ. ಸೋಫಿಯಾಗೆ ರೊಟ್ಟಿ ತಪ್ಪಿಸಿದ ಅದೇ ಮನುಷ್ಯ, ಕರ್ತನ ಭೋಜನ ಪೂರ್ತಿ ತಯಾರಾದವರಿಗೆ ಮಾತ್ರ ಅಲ್ಲ, ಇನ್ನೂ ಹುಡುಕುತ್ತಿರುವವರನ್ನು ದೇವರು ಮುಟ್ಟುವುದೂ ಅದರ ಮೂಲಕವೇ ಅಂತ ಕಲಿಸಿದ.

ನಮ್ಮ ಅವ್ವನ ಒಂದು ವಿಷಯ ಹೇಳಿ ಮುಗಿಸುತ್ತೇನೆ. ನಾನು ಸಣ್ಣವನಿದ್ದಾಗ ಒಂದು ಕಡೆಯ ಚರ್ಚಿನಲ್ಲಿ, ಎಲ್ಲಿ ಅಂತ ಬೇಡ, ದಶಮಾಂಶ, ಅಂದರೆ ದುಡಿಮೆಯ ಹತ್ತನೇ ಒಂದು ಪಾಲಿನ ಕಾಣಿಕೆ, ಬಾಕಿ ಇದ್ದವರ ಹೆಸರನ್ನು ಆರಾಧನೆ ಮುಗಿದ ಮೇಲೆ ಓದುತ್ತಿದ್ದರು. ಅಪ್ಪ ತೀರಿಕೊಂಡಿದ್ದ. ಅವ್ವ ತೊಗರಿ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದಳು. ಒಂದು ಭಾನುವಾರ ಅವಳ ಹೆಸರು ಓದಿದರು. ಆವತ್ತಿನಿಂದ ಅವಳು ಚರ್ಚು ಬಿಡಲಿಲ್ಲ, ಆದರೆ ಭೋಜನಕ್ಕೆ ಎಲ್ಲರೂ ಮುಂದೆ ಹೋಗುವಾಗ ಹಿಂದಿನ ಚಾಪೆಯ ಮೇಲೆ ಸೆರಗು ಎಳೆದುಕೊಂಡು ಕೂತೇ ಇರುತ್ತಿದ್ದಳು. ಎಷ್ಟೋ ವರ್ಷ. ನಾನು ಕೇಳಿದರೆ "ಸುಮ್ಮನ ಇರು" ಅನ್ನುತ್ತಿದ್ದಳು.

ಒಮ್ಮೆ ಬೇರೆ ಊರಿನಿಂದ ಒಬ್ಬ ಮುದುಕ ಪಾಸ್ಟರ್ ಬಂದಿದ್ದರು. ಎಲ್ಲರಿಗೂ ಕೊಟ್ಟಾದ ಮೇಲೆ ಹಿಂದೆ ಕೂತವಳನ್ನು ನೋಡಿದರು. ತಟ್ಟೆ ಹಿಡಿದುಕೊಂಡು ಮಂಡಿ ನೋವಿನ ಕಾಲು ಎಳೆಯುತ್ತಾ ಚಾಪೆಯ ತನಕ ಬಂದರು. ಅವ್ವ ತಲೆ ಎತ್ತಲಿಲ್ಲ.

"ನಂದು ಬಾಕಿ ಅದರಿ" ಅಂದಳು.

ಅವರು ಅವಳ ಪಕ್ಕದಲ್ಲಿ ನೆಲಕ್ಕೆ ಕೂತರು. "ನಂದೂ ಅದ ಯವ್ವಾ" ಅಂದರು. "ತಗೋ."