ಹೈಕ್ ಕೇಳುವ ಮುಂಚೆ ಟ್ಯಾರೋ ಕಾರ್ಡ್ ತೆಗೆದೆ, ದುಡ್ಡು ಕೊಡುವವನೇ ನಾಪತ್ತೆ!

ನಮಸ್ಕಾರ ಎಲ್ಲರಿಗೂ. ಕಾಫಿ ಆಯಿತು, ವಿಡಿಯೋದಲ್ಲಿ ನೋಡಿದಿರಿ. ಟೇಬಲ್ ಮೇಲಿದ್ದ ರಾಶಿಯನ್ನು ಮಂಚಕ್ಕೆ ಸಾಗಿಸಿದ್ದೂ ನೋಡಿದಿರಿ, ಅದರ ಬಗ್ಗೆ ಕಾಮೆಂಟ್ ಬೇಡ. ಗುರುವಾರ ಮಧ್ಯಾಹ್ನ ಮ್ಯಾನೇಜರ್ ಮೇಡಂ ಜೊತೆ ಅಪ್ರೈಸಲ್ ಮೀಟಿಂಗ್ ಇದೆ. ಸಂಬಳ ಜಾಸ್ತಿ ಮಾಡಿ ಅಂತ ಈ ಸಲ ನಾನೇ ಬಾಯಿಬಿಟ್ಟು ಕೇಳಬೇಕು. ಅದರ ತಯಾರಿಗೆ ಟ್ಯಾರೋ ಕಾರ್ಡ್, ಅಂದರೆ ಭವಿಷ್ಯ ಹೇಳುವವರು ಬಳಸುವ ಚಿತ್ರದ ಎಲೆಗಳನ್ನು ತರಿಸಿದ್ದೇನೆ.

ನಗಬೇಡಿ. ಹೈಕ್ ಸಿಗುತ್ತಾ ಇಲ್ವಾ ಅಂತ ತಿಳಿಯಬೇಕಿದ್ದರೆ ಊರಿನ ದೇವಸ್ಥಾನದಲ್ಲಿ ಹೂ ಕೇಳುತ್ತಿದ್ದೆ. ಬಲಗಡೆ ಬಿದ್ದರೆ ಆಗುತ್ತೆ, ಎಡಗಡೆ ಬಿದ್ದರೆ ಸುಮ್ನೆ ಮನೆಗೆ ಬಾ. ಭವಿಷ್ಯದ ವಿಷಯಕ್ಕೆ ಈ ಕಾರ್ಡ್‌ಗಳನ್ನು ನಾನು ನಂಬುವುದಿಲ್ಲ. ಆದರೆ ಖಾಲಿ ಹಾಳೆ ಮುಂದೆ ಕೂತರೆ "ನಾನು ಚೆನ್ನಾಗಿ ಕೆಲಸ ಮಾಡಿದ್ದೇನೆ" ಅಂತ ಒಂದು ಸಾಲು ಬರೆಯುತ್ತೇನೆ, ಆಮೇಲೆ ಫೋನ್ ನೋಡುತ್ತೇನೆ. ಎದುರಿಗೆ ಒಂದು ಚಿತ್ರ ಇದ್ದರೆ ಏನಾದರೂ ಮಾತು ಹುಟ್ಟುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಿಸುತ್ತೇನೆ, ಯಾಕೆಂದರೆ ತಲೆ ಕೆಟ್ಟಿದೆ. ಈ ಡೆಕ್‌ಗೆ, ಅಂದರೆ ಇಡೀ ಕಾರ್ಡ್ ಕಟ್ಟಿಗೆ, 349 ರೂಪಾಯಿ ಕೊಟ್ಟೆ. ಒರಿಜಿನಲ್ ಇದರ ಹಲವು ಪಟ್ಟು ಇತ್ತು. ಇದು ನಕಲಿ ಅಂತ ನನಗೂ ಗೊತ್ತು, 349ಕ್ಕೆ ಒರಿಜಿನಲ್ ಯಾರೂ ಕಳಿಸುವುದಿಲ್ಲ. ಟ್ಯಾರೋದಲ್ಲಿ ಒಟ್ಟು 78 ಕಾರ್ಡ್ ಇರಬೇಕು. 22 ಮುಖ್ಯವಾದವು. ಉಳಿದ 56 ನಾಲ್ಕು ಗುಂಪು, ಗುಂಪಿಗೆ 14. ಎಣಿಸಿದೆ, 78 ಸರಿಯಾಗಿದೆ. ಖುಷಿಯಾಯಿತು. ಆಮೇಲೆ ನೋಡಿದರೆ ಫೋರ್ ಆಫ್ ಪೆಂಟಕಲ್ಸ್ ಎರಡಿವೆ, ಸಿಕ್ಸ್ ಆಫ್ ಪೆಂಟಕಲ್ಸ್ ಇಲ್ಲವೇ ಇಲ್ಲ!

ಇದು ಎಂಥ ಅನ್ಯಾಯ ಅಂತ ಚಿತ್ರ ಗೊತ್ತಿದ್ದವರಿಗೆ ಅರ್ಥವಾಗುತ್ತದೆ. ಪೆಂಟಕಲ್ಸ್ ಅಂದರೆ ನಾಣ್ಯದ ಗುಂಪು, ದುಡ್ಡಿನ ಗುಂಪು. ನಾಲ್ಕರಲ್ಲಿ ಒಬ್ಬ ಒಂದು ನಾಣ್ಯವನ್ನು ಎದೆಗೆ ಅವಚಿಕೊಂಡು ಕೂತಿದ್ದಾನೆ. ತಲೆ ಮೇಲೆ ಒಂದು, ಎರಡು ಪಾದದ ಕೆಳಗೆ ಎರಡು. ಆರರಲ್ಲಿ ಒಬ್ಬ ಸಾಹುಕಾರ ಒಂದು ಕೈಯಲ್ಲಿ ತಕ್ಕಡಿ ಹಿಡಿದು ಇನ್ನೊಂದು ಕೈಯಿಂದ ದುಡ್ಡು ಕೊಡುತ್ತಿದ್ದಾನೆ. ಅಂದರೆ ನನ್ನ ಡೆಕ್‌ನಲ್ಲಿ ಜಿಪುಣರು ಇಬ್ಬರು, ಕೊಡುವವನು ಇಲ್ಲ. ಹೈಕ್ ಕೇಳುವ ವಾರದಲ್ಲಿ! ಸೆಲ್ಲರ್‌ಗೆ ಮೆಸೇಜ್ ಹಾಕಿದೆ. "78 ಇದೆಯಲ್ಲ ಮೇಡಂ" ಅಂತ ಉತ್ತರ ಬಂತು. ವಾಪಸ್ ತಗೊಳ್ಳಿ ಅಂದರೆ ಸೀಲ್ ಒಡೆದಿದೆ, ಆಗಲ್ಲವಂತೆ. ಸೀಲ್ ಒಡೆಯದೆ ಒಳಗೆ ಯಾರಿದ್ದಾರೆ ಅಂತ ನನಗೆ ಕನಸು ಬೀಳಬೇಕಿತ್ತಾ?

ಈಗ ಮಾರ್ಕರ್ ಹಿಡಿದು, ಇಲ್ಲದ ಆರನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ. ಎರಡನೇ ಜಿಪುಣನಿಗೆ ಇನ್ನೆರಡು ನಾಣ್ಯ, ಕೈಗೆ ತಕ್ಕಡಿ. ತಕ್ಕಡಿ ಬ್ಯಾಡ್ಮಿಂಟನ್ ರಾಕೆಟ್ ಥರ ಬಂದಿದೆ. ಇರಲಿ.

ಹಿಂದೆ ಅಮ್ಮನ ದನಿ ಕೇಳಿಸಿತಾ? "ಏನೇ ಇದು, ಬೆಳಗ್ಗೆ ಬೆಳಗ್ಗೆ ಇಸ್ಪೀಟು!" ಅಮ್ಮ ಹೇಳಿದ್ದು ಪೂರ್ತಿ ಸರಿ. ಇದು ಹುಟ್ಟಿದ್ದೇ ಆಟದ ಎಲೆಯಾಗಿ, 15ನೇ ಶತಮಾನದ ಉತ್ತರ ಇಟಲಿಯಲ್ಲಿ. ಭವಿಷ್ಯ ಹೇಳುವ ದೊಡ್ಡ ವ್ಯಾಪಾರ ಶುರುವಾಗಿದ್ದು 18ನೇ ಶತಮಾನದ ಫ್ರಾನ್ಸ್‌ನಲ್ಲಿ. ಫ್ರಾನ್ಸ್‌ನಲ್ಲಿ ಈಗಲೂ ಇದನ್ನು ಆಟವಾಗಿ ಆಡುತ್ತಾರೆ.

ನೀವು ನೋಡುತ್ತಿರುವ ಈ ಚಿತ್ರಗಳು 1909ರವು. ಬರೆದದ್ದು ಪಮೇಲಾ ಕೋಲ್ಮನ್ ಸ್ಮಿತ್ ಅನ್ನುವ ಕಲಾವಿದೆ. ಬರೆಸಿದವರು ಗೂಢವಿದ್ಯೆಯ ಬರಹಗಾರ ಎ. ಇ. ವೇಟ್, ಮಾರುಕಟ್ಟೆಗೆ ತಂದದ್ದು ಲಂಡನ್ನಿನ ರೈಡರ್ ಅನ್ನುವ ಪ್ರಕಾಶನ ಕಂಪನಿ. ಡೆಕ್‌ನ ಹೆಸರು ಬಹಳ ಕಾಲ ರೈಡರ್-ವೇಟ್ ಅಂತಲೇ ನಡೆಯಿತು, ಬರೆದವಳ ಹೆಸರಿಲ್ಲ. ಆ ವರ್ಷ ಅವಳು ನ್ಯೂಯಾರ್ಕಿನ ಫೋಟೋಗ್ರಾಫರ್ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್‌ಗೆ ಒಂದು ಕಾಗದ ಬರೆದಿದ್ದಾಳೆ: ದೊಡ್ಡ ಕೆಲಸ ಮುಗಿಸಿದೆ, ಸಿಕ್ಕಿದ ದುಡ್ಡು ಮಾತ್ರ ತುಂಬಾ ಕಮ್ಮಿ ಅಂತ. ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟು ಮಾರಾಟವಾದ ಕಾರ್ಡ್ ಇದು! ಅವಳು 1951ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಕಷ್ಟದಲ್ಲೇ ತೀರಿಕೊಂಡಳು. ದುಡ್ಡು ಕಮ್ಮಿ ಅಂತ ಅವಳು ಸ್ನೇಹಿತನಿಗೆ ಬರೆದಳು. ನಾವೂ ಹಾಗೇ ಅಲ್ವಾ? ಕ್ಯಾಂಟೀನಿನಲ್ಲಿ ಎಲ್ಲರ ಹತ್ತಿರ ಹೇಳುತ್ತೇವೆ, ಮ್ಯಾನೇಜರ್ ಒಬ್ಬರನ್ನು ಬಿಟ್ಟು.

ಸರಿ, ಕಾರ್ಡ್ ತೆಗೆಯೋಣ. ಮೂರು ಜಾಗ, ಒಂದೊಂದಕ್ಕೆ ಒಂದು ಕಾರ್ಡ್: ನನ್ನ ಕೆಲಸ, ಕಂಪನಿ, ನಾನು ಮಾತಾಡುವ ರೀತಿ.

ಮೊದಲನೆಯದು ಟೆನ್ ಆಫ್ ವಾಂಡ್ಸ್. ಹತ್ತು ಕೋಲು ಹೊತ್ತುಕೊಂಡು ಒಬ್ಬ ಬಗ್ಗಿ ನಡೆಯುತ್ತಿದ್ದಾನೆ. ಅವನ ಮುಖ ಕೋಲುಗಳಲ್ಲಿ ಹುದುಗಿಹೋಗಿದೆ. ನೋಡಿದ ತಕ್ಷಣ ನೆನಪಾಗಿದ್ದು ನಮ್ಮ ಟೀಮ್ ಬಿಟ್ಟುಹೋದ ಹುಡುಗ. ಅವನ ಕ್ಲೈಂಟ್ ರಿಪೋರ್ಟ್ ಎಲ್ಲ "ಸದ್ಯಕ್ಕೆ" ಅಂತ ನನ್ನ ತಲೆಗೆ ಬಂತು. ಆ ಸದ್ಯ ಇನ್ನೂ ಮುಗಿದಿಲ್ಲ. ಇದು ಯಾವ ಮೇಲ್‌ನಲ್ಲೂ ದಾಖಲಾಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ: ಯಾವ ಕೆಲಸ, ಯಾವ ತಿಂಗಳಿಂದ, ಮೊದಲು ಎಷ್ಟು ದಿನ ಹಿಡಿಯುತ್ತಿತ್ತು, ಈಗ ಎಷ್ಟು. ನೋಡಿ, ಅರ್ಧ ಪುಟ ತುಂಬಿತು.

ಎರಡನೆಯದು... ಹ್ಹಾ! ಜಿಪುಣ. ಇಬ್ಬರಿದ್ದ ಮೇಲೆ ಒಬ್ಬ ಬರದೇ ಇರುತ್ತಾನಾ? "ಕಂಪನಿ ಅಂದರೆ ಹೀಗೇ" ಅಂತ ದೊಡ್ಡದಾಗಿ ಬರೆದೆ. ಆಮೇಲೆ ಚಿತ್ರ ನೋಡುತ್ತಾ ಕೂತೆ. ಈ ಮನುಷ್ಯ ಅಲ್ಲಾಡುವ ಹಾಗಿಲ್ಲ. ಎದ್ದರೆ ತಲೆ ಮೇಲಿನ ನಾಣ್ಯ ಬೀಳುತ್ತದೆ. ಮೇಡಂಗೂ ಟೀಮಿಗೆಲ್ಲ ಹಂಚುವುದಕ್ಕೆ ಇಷ್ಟೇ ಬಜೆಟ್ ಅಂತ ಮೇಲಿನಿಂದ ಬಂದಿರುತ್ತದೆ. ಹಾಗಾದರೆ ಹೈಕ್ ಆಗಲ್ಲ ಅಂದರೆ ಇನ್ನೇನು ಕೇಳಲಿ? ಡೆಸಿಗ್ನೇಶನ್, ಅಂದರೆ ಮೇಲಿನ ಹುದ್ದೆ. ಇಲ್ಲಾಂದರೆ ಅಕ್ಟೋಬರ್‌ನಲ್ಲಿ ಮತ್ತೆ ನೋಡುತ್ತೇವೆ ಅಂತ ಒಂದು ಮೇಲ್. ಇದನ್ನೂ ಬರೆದುಕೊಂಡೆ. ಆದರೂ ಜಿಪುಣ ಜಿಪುಣನೇ.

ಇನ್ನೊಂದು ವಿಷಯ. "15 ಪರ್ಸೆಂಟ್ ಕೊಡಿ" ಅಂತ ಸುಮ್ನೆ ಕೇಳಬೇಡಿ. ಯಾವುದರ ಮೇಲೆ 15? ಸಿಟಿಸಿ, ಅಂದರೆ ನಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ಅದರೊಳಗೆ ಕಂಪನಿ ಕಟ್ಟುವ ಪಿಎಫ್, ಸಾಮಾನ್ಯವಾಗಿ ಬೇಸಿಕ್‌ನ (ಮೂಲ ಸಂಬಳದ) 12 ಪರ್ಸೆಂಟ್ ಇರುತ್ತದೆ. ಎಷ್ಟೋ ಕಡೆ ಗ್ರಾಚುಯಿಟಿ, ಅಂದರೆ ಕೆಲಸ ಬಿಡುವಾಗ ಸಿಗುವ ದುಡ್ಡು, ಅಂತ ಬೇಸಿಕ್‌ನ 4.81 ಪರ್ಸೆಂಟ್ ಕೂಡ ಸೇರಿಸಿರುತ್ತಾರೆ. ಅದು ಕೈಗೆ ಬರಬೇಕಾದರೆ ಸಾಮಾನ್ಯವಾಗಿ 5 ವರ್ಷ ಅಲ್ಲೇ ಇರಬೇಕು. ಮೇಲೆ ವೇರಿಯಬಲ್, ಅಂದರೆ ಸಾಧನೆ ನೋಡಿ ಕೊಡುವ ಭಾಗ, ಅದು ಬಂದರೆ ಬಂತು. ಪತ್ರದಲ್ಲಿ ದೊಡ್ಡ ಅಂಕಿ, ಅಕೌಂಟಿನಲ್ಲಿ ಸಣ್ಣ ಅಂಕಿ. ಫಿಕ್ಸೆಡ್, ಅಂದರೆ ಖಚಿತವಾಗಿ ಬರುವ ಸಂಬಳ, ಎಷ್ಟು ಜಾಸ್ತಿ ಆಗುತ್ತದೆ ಅಂತ ಕೇಳಿ. ಅಲ್ಲಿಗೆ ಅವರ ಮುಖವೇ ಬದಲಾಗುತ್ತದೆ.

ಖರ್ಚಿನ ಕಥೆ ಹೇಳಬಾರದು ಅಂತ ಎಲ್ಲರೂ ಉಪದೇಶ ಮಾಡುತ್ತಾರೆ. ಬಾಡಿಗೆ ಜಾಸ್ತಿ ಆಯಿತು, ಮೆಟ್ರೋ ಜಾಸ್ತಿ ಆಯಿತು ಅನ್ನಬೇಡಿ, ಕೆಲಸದ ಬಗ್ಗೆ ಮಾತ್ರ ಮಾತಾಡಿ ಅಂತ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಯಾಕೆ ಹೇಳಬಾರದು? 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60ರಿಂದ 90 ಆಯಿತು. ಆಫೀಸಿಗೆ ಬಂದೇ ಕೆಲಸ ಮಾಡಿ ಅಂದವರು ಅವರು, ಟಿಕೆಟ್ ತಗೊಳ್ಳುವವಳು ನಾನು. ಇರಲಿ, ಅದನ್ನು ಹಾಳೆಯ ಕೊನೆಯಲ್ಲಿ ಸಣ್ಣದಾಗಿ ಬರೆದಿಟ್ಟಿದ್ದೇನೆ. ಬೇಕಾದರೆ ತೆಗೆಯುತ್ತೇನೆ. ಬೇಡ, ಹೊಡೆದು ಹಾಕುತ್ತೇನೆ. ಕೆಲಸದ ಪಟ್ಟಿಯೇ ಗಟ್ಟಿಯಾಗಿದೆ.

ಬೇಗ ಬೇಗ, ಬಿಸಿಲು ಟೇಬಲ್ಲಿಂದ ಇಳಿಯುತ್ತಿದೆ. ಮೂರನೆಯದು ಕ್ವೀನ್ ಆಫ್ ಸ್ವೋರ್ಡ್ಸ್. ಪಕ್ಕಕ್ಕೆ ಮುಖ ಮಾಡಿ ಕೂತಿದ್ದಾಳೆ, ಕತ್ತಿ ನೆಟ್ಟಗೆ, ಇನ್ನೊಂದು ಕೈ ಮುಂದಕ್ಕೆ ಚಾಚಿದೆ. ನಾನು ಬರೆದ ಭಾಷಣ ಶುರುವಾಗುವುದು ಹೀಗೆ: "ಮೇಡಂ, ಸಾಧ್ಯ ಆದ್ರೆ ಸ್ವಲ್ಪ ನೋಡಿ..." ಇವಳ ಎದುರಿಗೆ ಅದನ್ನು ಓದಿದರೆ ನನಗೇ ನಾಚಿಕೆ ಆಗುತ್ತದೆ. "ಸಾಧ್ಯ ಆದ್ರೆ" ಹೋಯಿತು. "ಸ್ವಲ್ಪ" ಕೂಡ ಹೋಯಿತು. ಉಳಿದದ್ದು ಇಷ್ಟು: ಈ ಕೆಲಸಗಳು ನನ್ನ ಮೇಲೆ ಬಂದಿವೆ, ಹೀಗೆ ಮಾಡಿದ್ದೇನೆ, ಫಿಕ್ಸೆಡ್ ಇಷ್ಟು ಆಗಬೇಕು. ಇಷ್ಟು ಹೇಳಿ ಬಾಯಿ ಮುಚ್ಚಬೇಕು. ಅದೇ ಕಷ್ಟ, ಮೌನ ಬಂದರೆ ನಾನೇ ಕಮ್ಮಿ ಮಾಡಿಬಿಡುತ್ತೇನೆ.

ಅಂಕಿಯನ್ನು ಜೋರಾಗಿ ಹೇಳಿ ಅಭ್ಯಾಸ ಮಾಡಿದ ಜಾಗಕ್ಕೆ ಬೀಪ್ ಹಾಕಿದ್ದೇನೆ. ಅದರ ಹಿಂದೆಯೇ ಅಡುಗೆಮನೆಯಿಂದ ಅಮ್ಮ "ಇಷ್ಟು ಕೆಲಸಕ್ಕೆ ಅಷ್ಟೇನಾ ಕೇಳೋದು?" ಅಂದಿದ್ದು ಹಾಗೇ ಬಿಟ್ಟಿದ್ದೇನೆ. ಎರಡನೇ ಬೀಪ್ ಹೊಸ ಅಂಕಿಗೆ. ಈ ವಿಡಿಯೋ ಗುರುವಾರ ಮೀಟಿಂಗ್ ಆದ ಮೇಲೇ ಅಪ್‌ಲೋಡ್ ಆಗುತ್ತದೆ, ಮೇಡಂ ಚಾನೆಲ್ ನೋಡುತ್ತಾರೆ ಅಂತ ನನಗೆ ಅನುಮಾನ. ಬ್ಯಾಟರಿ ಕೆಂಪಾಯಿತು, ಬರುತ್ತೇನೆ.